ಅಳತಿ ಪುಸ್ತಕ

ಬೆಟಗೇರಿಯಾಗ, ಮಗ್ಗದ ಸಪ್ಪಳ ಕೇಳೂವಷ್ಟು ಸನೇಕ
ನನ್ನ ಅಂಗಡಿ. ಆರು ಫೂಟು ಅಗಲ,
ಅದರಾಗ ಮೂರು ಫೂಟು ಪರದೆ.
ಮೂವತ್ತೊಂದು ವರ್ಷ ಆತು ಹೆಂಗಸರ ಜಂಪರ್ ಹೊಲಿಯಾಕತ್ತು.

ಒಳಗ ಬಂದಾಕಿ ಕೈ ಎತ್ತಿ ನಿಂತ್ಲಂದ್ರ
ಟೇಪು ಹೇಳತೈತಿ:
ಯಾರಿಗೆ ದಿನ ನಿಂತಾವ, ಯಾರು ಉಣ್ಣೂದು ಬಿಟ್ಟಾರ,
ಯಾರ ಬೆನ್ನ ಮ್ಯಾಲೆ ಬೆಲ್ಟಿನ ಬಾಸುಂಡಿ.
ಅತ್ತಿಗಿಂತ ಮೊದಲ ನನಗ ಗೊತ್ತು.
ಬಾಯಾಗ ಯಾವಾಗ್ಲೂ ಗುಂಡಸೂಜಿ ಹಿಡಿದಿರತೇನಿ.
ಮಾತು ಹೊರಗ ಬರಬೇಕಂದ್ರ
ಮೊದಲ ನನಗ ಚುಚ್ಚಬೇಕು.

ಪುಸ್ತಕದಾಗ ಯಾರ ಹೆಸರೂ ಇಲ್ಲ.
ಒಬ್ಬಾಕಿಗೆ ಬಾವಿ, ಒಬ್ಬಾಕಿಗೆ ಮೆಣಸಿನಕಾಯಿ,
ಮತ್ತೊಬ್ಬಾಕಿಗೆ ಒಂದು ಗುಬ್ಬಿ ಬರದೇನಿ.
ಗುಬ್ಬಿ ಮುಂದ: ಎದಿ ಮೂವತ್ತಾರು, ತೋಳು ಒಂಬತ್ತು,
ಎಡಕ್ಕ ಹತ್ತಿ, ನಾಕು ಪದರ.
ಹುಬ್ಬಳ್ಳಿ ದವಾಖಾನ್ಯಾಗ ಕೊಯ್ದು ತಗದದ್ದು
ಆಕಿ ನೆಗೆಣ್ಣಿಗೂ ಗೊತ್ತಿಲ್ಲ.
ಹೆಸರು ಇಲ್ಲೂ ಹೇಳೂದಿಲ್ಲ.

ಹೋದ ಆಷಾಢದಾಗ ಮ್ಯಾಲಿನ ತಗಡು ಸೋರಿ
ಪುಸ್ತಕ ತೊಯ್ತು.
ತಮ್ಮನ ಮಗ ಜ್ಞಾನೇಶ ಹಾಳಿ ಹಾಳಿ ಫೋಟೋ ಹೊಡದ.
"ಇನ್ನ ಚಿಂತಿಲ್ಲ ಅತ್ಯಾ, ಎಲ್ಲಾ ಕ್ಲೌಡಿನಾಗ ಇರತಾವ."
ಕ್ಲೌಡ್ ಅಂದ್ರ ಮೋಡ ಅಂತ.
ಕಪ್ಪತಗುಡ್ಡದ ಕಡೆ ನೋಡಿ ನಕ್ಕೆ:
ತೊಯ್ಸಿದ್ದೂ ಮೋಡ, ಕಾಯೂದೂ ಮೋಡ!
"ಒಪ್ಪಿಗೆ" ಅನ್ನೂ ಗುಂಡಿ ಬಂತು, ಒತ್ತಿದ.
ಅಷ್ಟುದ್ದ ಏನು ಬರದಾರೋ ಅಂದ್ರ
"ಅದನ್ನ ಯಾರೂ ಓದೂದಿಲ್ಲ ಬಿಡು."

ಹೌದು, ಅವರದ್ದು ನಾವು ಓದಲಿಲ್ಲ.
ನಮ್ಮದು ಅವರು ಓದಿದ್ರು.

ಗುಬ್ಬಿ ಒಂದಿನ ತಾನ ಹೇಳಿ ಫೋಟೋ ತಗಸಿದ್ಲು,
ಹೊಲಿಗಿ ಗಾಯಕ್ಕ ಎಲ್ಲಿ ತಿಕ್ಕತೈತಿ ನೋಡು ಅಂತ.
ಮಾರಿ ಇಲ್ಲದ್ದು. ಕೊರಳಿಂದ ಕೆಳಗ.
ಮೊನ್ನೆ ಸೋಮವಾರ ಫೋನು ಬಾಗಲಾ ಹಾಕ್ಕೊಂಡು ಕುಂತಿತು:
"ನಿಮ್ಮ ಸಂಗ್ರಹದಲ್ಲಿ ನಿಯಮಕ್ಕೆ ವಿರುದ್ಧವಾದ ಚಿತ್ರ ಸಿಕ್ಕಿದೆ."

ಸಿಕ್ಕೈತಂತ.
ಕಳದಿದ್ದು ಯಾವಾಗ?
ಹುಡುಕಾಕ ಹಚ್ಚಿದವರು ಯಾರು?

ತಪ್ಪು ಅನಿಸಿದ್ರ ಕಾರಣ ಬರೀರಿ ಅಂತ
ಕೆಳಗ ಒಂದು ಖಾಲಿ ಚೌಕ.
ಬರದ್ರ ಆಕಿ ಗುಟ್ಟು ಬಿಟ್ಟುಕೊಟ್ಟಂಗ,
ಬರೀದಿದ್ರ ನಾನು ಹೊಲಸು ಹೆಂಗಸು.
ಖಾಲೀನ ಬಿಟ್ಟೆ.

"ಮನುಷ್ಯಾರು ನೋಡೂದಿಲ್ಲ ಅತ್ಯಾ, ಮಷಿನ್ ನೋಡತೈತಿ,"
ಜ್ಞಾನೇಶ ಸಮಾಧಾನ ಹೇಳತಾನ.
ನಂದೂ ಮಷಿನ್ ಐತಪ್ಪಾ.
ಊರ ಹೆಂಗಸರ ಎದಿ ಬೆನ್ನು ಎಲ್ಲಾ
ಅದರ ಸೂಜಿ ಕೆಳಗ ಹಾದು ಹೋಗ್ಯಾವ.
ಒಂದು ಚಾಡಿ ಹೇಳಿಲ್ಲ. ಕಟಕಟ ಅಂತೈತಿ, ಅಷ್ಟ.

ಕೂಸುಗಳ ಮ್ಯಾಲೆ ಕಣ್ಣು ಹಾಕೂ ನೀಚರನ್ನ ಹಿಡಿಯಾಕ
ಇದೆಲ್ಲಾ ಮಾಡ್ಯಾರಂತ. ಹಿಡೀಲಿ, ಕೈ ಮುಗೀತೇನಿ.
ಆದ್ರ ಓಣ್ಯಾಗ ಒಬ್ಬ ಕಳ್ಳ ಅದಾನಂತ
ಎಲ್ಲಾರ ಸೆರಗೂ ಸರಿಸಿ ನೋಡತಾರೇನು,
ಅದೂ ನಾವು ಮಲಗಿದ್ದಾಗ?

ಇವತ್ತು ಗುಬ್ಬಿ ಬಂದ್ಲು.
ತಂಗಿ ಮಗಳ ಸೀಮಂತಕ್ಕ ಹೊಸಾ ಜಂಪರ್ ಬೇಕಂತ,
ಹಸರ ಅರಬಿ, ಕೆಂಪು ಅಂಚು.
ಫೋನು ಬಂದ್ ಮಾಡಿ ಗುಂಡಿ ಡಬ್ಬಿಯಾಗ ಹಾಕಿ ಮುಚ್ಚಳ ಬಡದೆ.
ಪರದೆ ಎಳದೆ.
ಇಷ್ಟು ತೆಳ್ಳಗ ಅದು ಎಂದೂ ಕಂಡಿರಲಿಲ್ಲ.
ಆಕಿ ಕೈ ಎತ್ತಿ ನಿಂತ್ಲು, ಕೂಸಿನಂಗ, ಎಂದಿನಂಗ.
"ವತ್ಸಲಕ್ಕ, ಕೈ ಯಾಕ ನಡಗಾಕತ್ಯಾವ?"

ಬಾಯಾಗಿನ ಗುಂಡಸೂಜಿ ಒಂದೊಂದ ತಗದು
ಅಂಗೈಯಾಗ ಇಟ್ಕೊಂಡೆ.
ಕೈ ಇಳಸು, ಅಂದೆ. ಕುಂದರು.
ನಿನಗೊಂದು ಮಾತು ಹೇಳೂದೈತಿ.